ಬೆಟ್ಟದ ಬೆಂಕಿ, ಬಯಲಿನ ಮಳೆ

ಮಾಘಮಾಸ ಕಳೆದು ಬಿಸಿಲು ಬಲಿಯುತ್ತ ಬಂದಂತೆಲ್ಲ ಸಂಡೂರಿನ ಬೆಟ್ಟಗಳ ಮೇಲಿನ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಮರಗಳು ಎಲೆಯುದುರಿಸಿ ಬೋಳಾಗಿ ನಿಲ್ಲುತ್ತವೆ. ಆಗ ಎಲ್ಲಿಯೋ ಒಂದು ಕಿಡಿ ಬೀಳುತ್ತದೆ. ರಾತ್ರಿಯ ಹೊತ್ತು ಬಯಲಿನಿಂದ ನೋಡುವವರಿಗೆ ಬೆಟ್ಟದ ಕೊರಳಿಗೆ ಯಾರೋ ಬೆಂಕಿಯ ಸರವನ್ನು ತೊಡಿಸಿದಂತೆ ತೋರುತ್ತದೆ. ನೋಡಿದವರು ‘ಬೆಟ್ಟಕ್ಕೆ ಬೆಂಕಿ ಬಿದ್ದಿದೆ’ ಎಂದು ಹೇಳಿ ಮಲಗುತ್ತಾರೆ. ಒಂದೆರಡು ದಿನಗಳಲ್ಲಿ ಬೆಂಕಿ ಆರುತ್ತದೆ, ಹೊಗೆ ಗಾಳಿಯಲ್ಲಿ ಕಾಣದಾಗುತ್ತದೆ, ಸುದ್ದಿಯೂ ಮುಗಿಯುತ್ತದೆ.

ಸುದ್ದಿ ನಿಜವಾಗಿಯೂ ಮುಗಿಯಿತೆ? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಬೆಟ್ಟ ಉರಿದರೆ ಬೆಟ್ಟಕ್ಕೆ ನಷ್ಟ, ಅದನ್ನು ನೋಡಿಕೊಳ್ಳುವುದು ಅರಣ್ಯ ಇಲಾಖೆಯವರ ಕೆಲಸ ಎಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ಸುಟ್ಟ ಮರಗಳನ್ನು ಎಣಿಸುತ್ತೇವೆ, ಸತ್ತ ಪ್ರಾಣಿಗಳಿಗಾಗಿ ಮರುಗುತ್ತೇವೆ. ಮೇಲಕ್ಕೆ ಹೋದ ಹೊಗೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಕಣ್ಣಿಗೆ ಮರೆಯಾದುದು ಇಲ್ಲವಾಯಿತೆಂದು ತಿಳಿಯುವುದು ಭೌತವಿಜ್ಞಾನಕ್ಕೆ ಒಪ್ಪುವ ಮಾತಲ್ಲ. ಹೊಗೆ ನಾಶವಾಗುವುದಿಲ್ಲ, ಹರಡಿಕೊಳ್ಳುತ್ತದೆ. ಹರಡಿದ ಹೊಗೆ ನಮ್ಮ ಬಿಸಿಲಿನಲ್ಲಿ ಪಾಲು ಕೇಳುತ್ತದೆ, ನಮ್ಮ ಮೋಡಗಳ ಒಳಹೊಕ್ಕು ಮಳೆಯ ವ್ಯವಹಾರದಲ್ಲಿ ತಲೆಹಾಕುತ್ತದೆ. ಆದುದರಿಂದ ಬೆಟ್ಟದ ಬೆಂಕಿ ಹೊಸಪೇಟೆಯ ಪೇಟೆಯವನಿಗೂ ಕಂಪ್ಲಿಯ ಒಕ್ಕಲಿಗನಿಗೂ ಸಂಬಂಧಪಟ್ಟ ವಿಷಯವೆಂಬುದು ನಮ್ಮ ಅಭಿಪ್ರಾಯ. ಅದನ್ನು ಭಾವಾವೇಶದಿಂದಲ್ಲ, ಲೆಕ್ಕದಿಂದ ತೋರಿಸಲು ಯತ್ನಿಸುತ್ತೇವೆ.

ಹೊಗೆಯ ಲೆಕ್ಕ

ಹೊಗೆಯೆಂದರೆ ಏನು? ಒಣಹುಲ್ಲೂ ತರಗೆಲೆಯೂ ಸೌದೆಯೂ ತಮ್ಮ ತೂಕದ ಸುಮಾರು ಅರ್ಧದಷ್ಟು ಇಂಗಾಲವನ್ನು ಒಳಗೊಂಡಿವೆ. ಒಂದು ಕಿಲೋಗ್ರಾಂ ಒಣಹುಲ್ಲು ಉರಿದಾಗ ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು ಸುಮಾರು ೧.೬ ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊರಡುತ್ತದೆ. ಇದು ಕಣ್ಣಿಗೆ ಕಾಣದ ಅನಿಲ. ನಾವು ಹೊಗೆಯೆಂದು ಕರೆಯುವುದು ಇದನ್ನಲ್ಲ. ಪೂರ್ತಿ ಉರಿಯದೆ ಉಳಿದು ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು. ಇವುಗಳ ತೂಕ ಬಹಳ ಸ್ವಲ್ಪ: ಒಂದು ಕಿಲೋಗ್ರಾಂ ಒಣಹುಲ್ಲಿಗೆ ಅಥವಾ ಎಲೆಗೆ ಸುಮಾರು ೫ರಿಂದ ೧೦ ಗ್ರಾಂ. ಅದರಲ್ಲಿಯೂ ಬಹುಪಾಲು ಎಣ್ಣೆಯಂತಹ, ಅಂಟಿನಂತಹ ಸಾವಯವ ಪದಾರ್ಥ. ಅಪ್ಪಟ ಕಪ್ಪು ಮಸಿ ಅರ್ಧ ಗ್ರಾಮಿನ ಆಸುಪಾಸಿನದು.

ಇಷ್ಟು ಅಲ್ಪವಾದ ವಸ್ತು ಏನು ತಾನೆ ಮಾಡೀತು ಎಂದು ವಾಚಕರು ಕೇಳಬಹುದು. ಇಲ್ಲಿಯೇ ಸ್ವಾರಸ್ಯವಿರುವುದು. ಒಂದು ಗ್ರಾಂ ತೂಕದ ವಸ್ತು ಉಂಡೆಯಾಗಿದ್ದರೆ ಅದರ ನೆರಳು ಒಂದು ಚದರ ಸೆಂಟಿಮೀಟರಿನಷ್ಟು. ಅದನ್ನೇ ಕುಟ್ಟಿ ಪುಡಿಮಾಡಿ, ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕ ಕಣಗಳನ್ನಾಗಿ ಒಡೆದು ಗಾಳಿಯಲ್ಲಿ ತೂರಿದರೆ ನೆರಳಿನ ವಿಸ್ತಾರ ಹತ್ತಾರು ಸಾವಿರ ಪಟ್ಟು ಹೆಚ್ಚುತ್ತದೆ. ಹೊಗೆಯ ಕಣದ ಗಾತ್ರ ಸಾಮಾನ್ಯವಾಗಿ ಒಂದು ಮೈಕ್ರಾನಿನ ಹತ್ತನೆಯ ಒಂದರಿಂದ ಮೂರು ಭಾಗ. ಬೆಳಕಿನ ಅಲೆಯುದ್ದವೂ ಅದೇ ಅಳತೆಯ ನೆರೆಯದೇ, ೦.೪ರಿಂದ ೦.೭ ಮೈಕ್ರಾನ್. ಬೆಳಕಿನ ಅಲೆಗೆ ಸರಿಸಮನಾಗಿ ನಿಲ್ಲಬಲ್ಲ ಕಣವೇ ಬೆಳಕನ್ನು ಅತ್ಯಂತ ಸಮರ್ಥವಾಗಿ ಚದರಿಸಬಲ್ಲುದು. ಆದಕಾರಣ ಒಂದು ಗ್ರಾಂ ಹೊಗೆ ಸುಮಾರು ೪ ಚದರ ಮೀಟರು ವಿಸ್ತಾರದ ಬಿಸಿಲನ್ನು ದಾರಿ ತಪ್ಪಿಸಬಲ್ಲುದೆಂದು ಪ್ರಯೋಗಗಳಿಂದ ತಿಳಿದುಬಂದಿದೆ.

ಈಗ ಒಂದು ಗುಣಾಕಾರ ಮಾಡೋಣ. ಬೆಟ್ಟದ ಒಂದು ಹೆಕ್ಟೇರು ನೆಲದಲ್ಲಿ ೪ ಟನ್ ಒಣಹುಲ್ಲೂ ತರಗೆಲೆಯೂ ಉರಿಯಿತೆಂದು ಭಾವಿಸಿಕೊಳ್ಳಿ. ಕಿಲೋಗ್ರಾಂ ಒಂದಕ್ಕೆ ೬ ಗ್ರಾಮಿನಂತೆ ೨೪ ಕಿಲೋಗ್ರಾಂ ಹೊಗೆಕಣ ಹೊರಬಿತ್ತು. ಗ್ರಾಂ ಒಂದಕ್ಕೆ ೪ ಚದರ ಮೀಟರಿನಂತೆ ೯೬,೦೦೦ ಚದರ ಮೀಟರು, ಎಂದರೆ ಸುಮಾರು ಒಂಬತ್ತೂವರೆ ಹೆಕ್ಟೇರು. ಒಂದು ಹೆಕ್ಟೇರಿನ ಬೆಂಕಿ ಒಂಬತ್ತೂವರೆ ಹೆಕ್ಟೇರಿನ ಬಿಸಿಲಿಗೆ ಅಡ್ಡ ಬರುತ್ತದೆ! ೨೦೧೯ರ ಫೆಬ್ರವರಿ ೨೧ರಿಂದ ೨೫ರವರೆಗೆ ಬಂಡೀಪುರದಲ್ಲಿ ಸುಟ್ಟ ಕಾಡು, ಉಪಗ್ರಹದ ಚಿತ್ರಗಳಿಂದ ಅಂದಾಜು ಮಾಡಿದಂತೆ, ಸುಮಾರು ೪,೪೨೦ ಹೆಕ್ಟೇರು. ನಮ್ಮ ಗುಣಾಕಾರವನ್ನೇ ಅದಕ್ಕೆ ಅನ್ವಯಿಸಿದರೆ ೪೨೦ ಚದರ ಕಿಲೋಮೀಟರು ಮೀರುತ್ತದೆ. ಹೊಸಪೇಟೆಯ ತುಂಗಭದ್ರಾ ಜಲಾಶಯ ತುಂಬಿ ನಿಂತಾಗ ಅದರ ನೀರಿನ ಹರವು ಸುಮಾರು ೩೭೮ ಚದರ ಕಿಲೋಮೀಟರು. ಐದು ದಿನಗಳ ಬೆಂಕಿ ಹೊರಚೆಲ್ಲಿದ ಹೊಗೆಗೆ ಇಡೀ ಜಲಾಶಯಕ್ಕೆ ಪರದೆ ಕಟ್ಟುವಷ್ಟು ಸಾಮರ್ಥ್ಯವಿತ್ತೆಂದಾಯಿತು.

ಈ ಪರದೆ ಹಾಸುಬಟ್ಟೆಯಂತೆ ಒಂದೇ ಕಡೆ ಬಿದ್ದು ಕತ್ತಲೆ ಮಾಡುವುದಿಲ್ಲ. ಗಾಳಿ ಅದನ್ನು ನೂರಾರು ಕಿಲೋಮೀಟರು ಎಳೆದು ತೆಳ್ಳಗೆ ಮಾಡುತ್ತದೆ. ಚದರಿದ ಬೆಳಕಿನಲ್ಲಿ ಬಹುಭಾಗ ಓರೆಯಾಗಿಯಾದರೂ ನೆಲಕ್ಕೆ ಬಂದು ಸೇರುತ್ತದೆ. ಮಳೆ ಬಂದು ತೊಳೆಯದಿದ್ದರೆ ಕಣಗಳು ಸುಮಾರು ಒಂದು ವಾರ ಗಾಳಿಯಲ್ಲಿರುತ್ತವೆ. ಬೇಸಗೆಯಲ್ಲಿ ನಮ್ಮ ಸೀಮೆಯಲ್ಲಿ ತೊಳೆಯುವ ಮಳೆ ಎಲ್ಲಿಯದು? ಒಂದು ಬೆಂಕಿಯ ಹೊಗೆ ಇಳಿಯುವ ಮೊದಲೇ ಮತ್ತೊಂದು ಬೆಂಕಿಯ ಹೊಗೆ ಏರುತ್ತದೆ. ಬೆಟ್ಟದ ಹೊಗೆಯೊಂದಿಗೆ ಕಂಪ್ಲಿಯ ಕಡೆ ಗದ್ದೆಗಳಲ್ಲಿ ಸುಡುವ ಭತ್ತದ ಕೂಳೆಯ ಹೊಗೆ, ಕಬ್ಬಿನ ರವದಿಯ ಹೊಗೆ, ಊರೊಳಗಣ ಕಸದ ಹೊಗೆ, ವಾಹನಗಳ ಹೊಗೆ, ಅದಿರಿನ ಕೆಂಧೂಳು ಎಲ್ಲವೂ ಬೆರೆಯುತ್ತವೆ. ೨೦೨೧ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ, ಹಂಪಿಗಳು ಆ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಈ ಗಡಿ ಕಡತಕ್ಕೆ ತಿಳಿದಿದೆ, ಗಾಳಿಗೆ ತಿಳಿಯದು.

ಬಿಸಿಲಿನ ಪಾಲು

ಹೊಗೆ ಬೆಳಕಿಗೆ ಏನು ಮಾಡುತ್ತದೆಂಬುದನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ನೋಡಬಹುದು. ಊದುಬತ್ತಿಯ ತುದಿಯಿಂದೇಳುವ ಹೊಗೆಯನ್ನು ಕಪ್ಪು ಬಟ್ಟೆಯ ಎದುರಿಗೆ ಹಿಡಿದು ಪಕ್ಕದಿಂದ ಬೆಳಕು ಬಿಟ್ಟರೆ ಅದು ನೀಲಿಯಾಗಿ ತೋರುತ್ತದೆ. ಅದೇ ಹೊಗೆಯ ಮೂಲಕ ಬೆಳಕಿನ ಕಡೆಗೆ ನೋಡಿದರೆ ಕಂದುಬಣ್ಣವಾಗಿ ತೋರುತ್ತದೆ. ನೀಲಿ ಕಿರಣಗಳು ಪಕ್ಕಕ್ಕೆ ಚದರಿ, ಕೆಂಪು ಕಿರಣಗಳು ನೇರವಾಗಿ ಸಾಗುವುದೇ ಇದಕ್ಕೆ ಕಾರಣ. ಹೊಗೆ ಕವಿದ ಸಂಜೆಗಳಲ್ಲಿ ಸೂರ್ಯ ಕುಂಕುಮದ ಬಟ್ಟಿನಂತೆ ಕೆಂಪಾಗಿ ಮುಳುಗುವುದೂ ಈ ನಿಯಮದಂತೆಯೇ. ಬೆಳಕಿನ ಚದರಿಕೆಯನ್ನು ಕುರಿತ ಸಂಶೋಧನೆಗಾಗಿ ೧೯೩೦ರಲ್ಲಿ ನೊಬೆಲ್ ಬಹುಮಾನ ಪಡೆದ ಸಿ. ವಿ. ರಾಮನ್ ಅವರು ಬಾಳಿದ ನಾಡಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಣಗಳ ಗಾತ್ರ ಬದಲಾದರೆ ಬಣ್ಣದ ಆಟವೂ ಬದಲಾಗುತ್ತದೆ. ೧೯೫೦ರ ಸೆಪ್ಟೆಂಬರಿನಲ್ಲಿ ಕೆನಡಾ ದೇಶದ ಪಶ್ಚಿಮ ಭಾಗದ ಕಾಡುಗಳು ಹೊತ್ತಿ ಉರಿದವು. ಕೆಲವೇ ದಿನಗಳಲ್ಲಿ ಆ ಹೊಗೆ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಸ್ಕಾಟ್ಲೆಂಡಿನ ಜನ ಹಗಲಿನಲ್ಲಿ ನೀಲಿ ಸೂರ್ಯನನ್ನೂ ರಾತ್ರಿಯಲ್ಲಿ ನೀಲಿ ಚಂದ್ರನನ್ನೂ ಕಂಡು ಬೆರಗಾದರು. ಆ ಹೊಗೆಯ ಕಣಗಳು ಸುಮಾರು ಒಂದು ಮೈಕ್ರಾನ್ ಗಾತ್ರಕ್ಕೆ ಬೆಳೆದು ಬಹುಮಟ್ಟಿಗೆ ಒಂದೇ ಅಳತೆಯವಾಗಿದ್ದುದರಿಂದ ಕೆಂಪನ್ನು ಹೆಚ್ಚಾಗಿ ಚದರಿಸಿ ನೀಲಿಯನ್ನು ಬಿಟ್ಟುಕೊಟ್ಟವು. ಕಾಡಿನ ಹೊಗೆ ಸಾಗರವನ್ನೇ ದಾಟಬಲ್ಲುದಾದರೆ ಸಂಡೂರಿನ ಹೊಗೆಗೆ ಕಂಪ್ಲಿ ಎಷ್ಟರ ದೂರ?

ಬಣ್ಣಕ್ಕಿಂತ ಮುಖ್ಯವಾದುದು ಶಾಖದ ಹಂಚಿಕೆ. ಹೊಗೆಯಲ್ಲಿ ಎರಡು ಬಗೆಯ ಕಣಗಳಿರುತ್ತವೆ. ತಿಳಿಬಣ್ಣದವು ಬೆಳಕನ್ನು ಚದರಿಸಿ ಒಂದಷ್ಟನ್ನು ಆಕಾಶಕ್ಕೆ ಹಿಂದಿರುಗಿಸುತ್ತವೆ. ಕಪ್ಪು ಮಸಿ ಬೆಳಕನ್ನು ಹೀರಿ, ತಾನು ಕಾದು, ಸುತ್ತಣ ಗಾಳಿಯನ್ನೂ ಕಾಯಿಸುತ್ತದೆ. ಎರಡೂ ಕೂಡಿ ನೆಲಕ್ಕೆ ತಲುಪುವ ಬಿಸಿಲನ್ನು ಕಡಮೆ ಮಾಡುತ್ತವೆ. ಹಾಗಾದರೆ ನೆಲ ತಂಪಾಯಿತಲ್ಲ, ಒಳ್ಳೆಯದೇ ಆಯಿತಲ್ಲ ಎಂದು ತೋರಬಹುದು. ಆದರೆ ನೆಲಕ್ಕೆ ಬಾರದ ಶಾಖವೆಲ್ಲ ಆಕಾಶಕ್ಕೆ ಮರಳಲಿಲ್ಲ. ಅದರಲ್ಲಿ ದೊಡ್ಡ ಪಾಲು ನಡುವಣ ಗಾಳಿಯಲ್ಲಿಯೇ ಉಳಿಯಿತು.

ಬೆಂಗಳೂರಿನಲ್ಲಿ ನಡೆಸಿ ೨೦೦೨ರಲ್ಲಿ ಪ್ರಕಟಿಸಿದ ಅಳತೆಗಳು ಈ ಮಾತನ್ನು ಸ್ಪಷ್ಟಪಡಿಸುತ್ತವೆ. ಅಲ್ಲಿಯ ಗಾಳಿಯ ತೇಲುಕಣಗಳಲ್ಲಿ ಮಸಿ ತೂಕದಲ್ಲಿ ನೂರಕ್ಕೆ ಸುಮಾರು ೧೧ರಷ್ಟಿತ್ತು. ಕಣಗಳ ದೆಸೆಯಿಂದ ನೆಲಕ್ಕೆ ಬರುವ ಶಕ್ತಿ ಚದರ ಮೀಟರಿಗೆ ಸುಮಾರು ೨೩ ವಾಟ್ ಕಡಮೆಯಾಗಿತ್ತು. ನಡುವಣ ಗಾಳಿ ಸುಮಾರು ೨೮ ವಾಟ್ ಹೆಚ್ಚಾಗಿ ಹೀರುತ್ತಿತ್ತು. ಅದು ಕಾಡಿನ ಹೊಗೆಯಲ್ಲ, ನಗರದ ಹೊಗೆ, ನಿಜ. ಆದರೆ ಮಸಿ ಯಾವ ಒಲೆಯಿಂದ ಬಂದರೂ ಅದರ ಸ್ವಭಾವ ಒಂದೇ. ಇನ್ನು ೨೦೧೦ರ ಮಾರ್ಚಿಯಲ್ಲಿ ಹೈದರಾಬಾದಿನಿಂದ ಹಾರಿಸಿದ ಬೆಲೂನು ಸುಮಾರು ನಾಲ್ಕೂವರೆ ಕಿಲೋಮೀಟರು ಮತ್ತು ಎಂಟು ಕಿಲೋಮೀಟರು ಎತ್ತರಗಳಲ್ಲಿ ಮಸಿಯ ಪದರಗಳನ್ನು ಕಂಡಿತು. ಬಿಸಿಲನ್ನು ಹೀರಿ ಸುತ್ತಣ ಗಾಳಿಯನ್ನು ಕಾಯಿಸುವ ಮಸಿ, ಆ ಕಾವಿನಿಂದಲೇ ಮೇಲೇರಿ ಅಲ್ಲಿಯೇ ಮನೆಮಾಡಿಕೊಳ್ಳಬಹುದೆಂದು ಸಂಶೋಧಕರು ಸೂಚಿಸಿದರು.

ನೆಲ ಬಿಸಿಯಾಗಿ ಮೇಲಣ ಗಾಳಿ ತಂಪಾಗಿದ್ದರೆ, ಕೆಳಗಿನ ಗಾಳಿ ಹಗುರವಾಗಿ ಮೇಲೇಳುತ್ತದೆ. ಚೈತ್ರ ವೈಶಾಖಗಳ ಮಧ್ಯಾಹ್ನ ನಮ್ಮಲ್ಲಿ ಗುಡುಗು ಸಿಡಿಲುಗಳ ಮೋಡ ಕಟ್ಟುವುದು ಹೀಗೆಯೇ. ಹೊಗೆ ಈ ಏರ್ಪಾಟನ್ನು ತಲೆಕೆಳಗು ಮಾಡಲು ನೋಡುತ್ತದೆ: ಕೆಳಗೆ ಉರಿಯನ್ನು ತಗ್ಗಿಸಿ, ಮೇಲೆ ಕಾವನ್ನು ಹೆಚ್ಚಿಸುತ್ತದೆ. ಒಲೆಯ ಉರಿಯನ್ನು ಇಳಿಸಿ ಪಾತ್ರೆಯ ಮುಚ್ಚಳದ ಮೇಲೆ ಕೆಂಡವಿಟ್ಟರೆ ಕೆಳಗಿನ ನೀರು ಕುದಿದು ಮೇಲೇಳುವುದೆ?

ಮೋಡದ ಬಿತ್ತನೆ

ಇನ್ನು ಮೋಡದ ಮಾತು. ಕಾಳಿದಾಸನು ಮೇಘದೂತದಲ್ಲಿ ಮೋಡದ ಘಟಕಗಳನ್ನು ಹೆಸರಿಸುವಾಗ ಹೊಗೆಯನ್ನೂ ಸೇರಿಸಿದ್ದಾನೆ. ಕವಿಯ ಮಾತು ವಿಜ್ಞಾನಕ್ಕೆ ಬಹಳ ಹತ್ತಿರ ಬಂದಿದೆ. ನೀರಾವಿ ತನ್ನಷ್ಟಕ್ಕೆ ತಾನೇ ಹನಿಯಾಗಲಾರದು. ಅದು ಕುಳಿತುಕೊಳ್ಳಲು ಒಂದು ಕಣ ಬೇಕು. ಸಮುದ್ರದ ಉಪ್ಪು, ಮಣ್ಣಿನ ಧೂಳು, ಹೊಗೆಯ ಕಣ, ಇವೇ ಮೋಡದ ಬೀಜಗಳು. ಹೊಗೆ ಎದ್ದರೆ ಮೋಡವಾಗುತ್ತದೆ, ಮೋಡವಾದರೆ ಮಳೆಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಕೆಲವರಿಗೆ ಇರುವುದಕ್ಕೆ ಇಷ್ಟರಮಟ್ಟಿಗೆ ಆಧಾರವುಂಟು. ಆದರೆ ಬೀಜವಿಲ್ಲದೆ ಬೆಳೆಯಿಲ್ಲವೆಂದ ಮಾತ್ರಕ್ಕೆ, ಬೀಜ ಹೆಚ್ಚಿದಷ್ಟೂ ಬೆಳೆ ಹೆಚ್ಚುವುದೆ? ಒಕ್ಕಲಿಗನನ್ನು ಕೇಳಿ ನೋಡಿ. ಎಕರೆಗೆ ಬಿತ್ತಬೇಕಾದ ಜೋಳವನ್ನು ಒಂದು ಮಡಿಯಲ್ಲಿ ಸುರಿದರೆ ಮೊಳಕೆಯೇನೋ ಒತ್ತಾಗಿ ಏಳುತ್ತದೆ. ಇರುವ ತೇವವನ್ನೂ ಸಾರವನ್ನೂ ಎಲ್ಲವೂ ಹಂಚಿಕೊಂಡು ಒಂದಾದರೂ ತೆನೆ ಕಟ್ಟದೆ ಬಡಕಲಾಗಿ ಒಣಗುತ್ತವೆ.

ಮೋಡದಲ್ಲಿಯೂ ಇದೇ ನಡೆಯುತ್ತದೆ. ಮೋಡದ ಒಂದು ಹನಿಯ ಅಡ್ಡಳತೆ ಸುಮಾರು ೨೦ ಮೈಕ್ರಾನ್. ಮಳೆಹನಿಯದು ಒಂದೆರಡು ಮಿಲಿಮೀಟರು. ಹತ್ತು ಲಕ್ಷದಷ್ಟು ಮೋಡದ ಹನಿಗಳು ಕೂಡಿದರೆ ಒಂದು ಮಳೆಹನಿ. ಹನಿಗಳು ಕೂಡಬೇಕಾದರೆ ಅವುಗಳಲ್ಲಿ ಕೆಲವಾದರೂ ತಕ್ಕಷ್ಟು ದೊಡ್ಡವಾಗಿ, ಕೆಳಗೆ ಬೀಳುತ್ತ, ಚಿಕ್ಕವುಗಳನ್ನು ಡಿಕ್ಕಿ ಹೊಡೆದು ಒಳಗೊಳ್ಳಬೇಕು. ಹೊಗೆ ತುಂಬಿದ ಮೋಡದಲ್ಲಿ ಇರುವ ನೀರನ್ನು ಅಸಂಖ್ಯ ಕಣಗಳು ಹಂಚಿಕೊಳ್ಳುವುದರಿಂದ ಹನಿಗಳೆಲ್ಲ ಪುಟ್ಟದಾಗಿ, ಒಂದೇ ಅಳತೆಯವಾಗಿ ಉಳಿಯುತ್ತವೆ. ಬೀಳಲಾರದೆ ತೇಲುತ್ತ, ಕೊನೆಗೆ ಆವಿಯಾಗಿ ಹೋಗುತ್ತವೆ. ಮೋಡ ಬಂತು, ಮಳೆ ಬರಲಿಲ್ಲ.

ಇದು ಬರಿಯ ಊಹೆಯಲ್ಲ. ೧೯೯೮ರ ಮಾರ್ಚಿಯಲ್ಲಿ ಬೋರ್ನಿಯೋ ದ್ವೀಪದ ಕಾಡುಗಳು ಉರಿಯುತ್ತಿದ್ದಾಗ ಮಳೆಯನ್ನು ಅಳೆಯುವ ಉಪಗ್ರಹವೊಂದು ಹೊಗೆ ಹೊಕ್ಕ ಮೋಡಗಳನ್ನೂ ಹೊಗೆ ಹೊಗದ ಮೋಡಗಳನ್ನೂ ಹೋಲಿಸಿ ತೋರಿಸಿತು. ಎರಡನೆಯವು ಮಳೆ ಸುರಿಸುತ್ತಿದ್ದವು, ಮೊದಲಿನವು ಸುರಿಸುತ್ತಿರಲಿಲ್ಲ. ಅಮೆಜಾನ್ ಕಾಡಿನ ಮೇಲೆ ವಿಮಾನದಿಂದ ಅಳತೆ ಮಾಡಿ ೨೦೦೪ರಲ್ಲಿ ಪ್ರಕಟಿಸಿದ ವರದಿ ಇನ್ನೂ ಸ್ಪಷ್ಟವಾದುದು. ಶುದ್ಧವಾದ ಗಾಳಿಯಲ್ಲಿ ಮೋಡದ ತಳದಿಂದ ಒಂದೂವರೆ ಕಿಲೋಮೀಟರು ಮೇಲೇರಿದೊಡನೆ ಮಳೆಹನಿ ಮೂಡುತ್ತಿತ್ತು. ಹೊಗೆಯ ಗಾಳಿಯಲ್ಲಿ ಐದು ಕಿಲೋಮೀಟರಿಗೂ ಮೇಲೇರಬೇಕಾಗಿತ್ತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಂತೆ ಅಲ್ಲಿ ಶುಭ್ರವಾದ ದಿನಗಳಲ್ಲಿ ಚದುರಿದ ಬಿಳಿಮೋಡಗಳು ಆಕಾಶದ ನೂರಕ್ಕೆ ೩೮ ಭಾಗವನ್ನು ಮುಚ್ಚುತ್ತಿದ್ದರೆ, ದಟ್ಟ ಹೊಗೆಯ ದಿನಗಳಲ್ಲಿ ಅವು ಇಲ್ಲವೇ ಆಗುತ್ತಿದ್ದವು. ಅಷ್ಟು ಎತ್ತರಕ್ಕೆ ಹೇಗೋ ಏರಿದ ಮೋಡ ಮಾತ್ರ ಅಲ್ಲಿ ಮಂಜುಗಡ್ಡೆಯಾಗಿ, ಒಮ್ಮೆಲೇ ಬಿರುಗಾಳಿ ಆಲಿಕಲ್ಲುಗಳೊಡನೆ ಸುರಿಯುವ ಸಂಭವವಿದೆ. ಹದವಾದ ಮಳೆ ಹೋಗಿ, ಹೊಡೆತದ ಮಳೆ ಬಂದರೆ ಮಾವಿನ ಹೂಹೀಚುಗಳಿಗೂ ಬಾಳೆಯ ತೋಟಕ್ಕೂ ಆಗುವ ಗತಿಯನ್ನು ಬೇರೆ ಹೇಳಬೇಕೆ?

ಈ ವಿಷಯ ನಮಗೆ ಏಕೆ ವಿಶೇಷವಾಗಿ ಮುಖ್ಯ? ನಮ್ಮದು ಪಶ್ಚಿಮಘಟ್ಟದ ಮಳೆನೆರಳಿನ ನಾಡು. ಮಲೆನಾಡಿನ ಮಳೆ ತುಂಗೆ ಭದ್ರೆಗಳಲ್ಲಿ ಹರಿದು ಜಲಾಶಯವನ್ನು ತುಂಬಬಹುದು. ಕಾಲುವೆಯಿಲ್ಲದ ಹೊಲಕ್ಕೆ ಆಕಾಶವೇ ಗತಿ. ಏಪ್ರಿಲ್ ನಡುವಿನಿಂದ ಆರಂಭವಾಗುವ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳು ಅಳತೆಯಲ್ಲಿ ಹೆಚ್ಚಲ್ಲ. ಆದರೂ ಕಾದ ನೆಲವನ್ನು ಉಳುಮೆಗೆ ಹದ ಮಾಡುವುವು ಅವೇ, ಬತ್ತಿದ ಹೊಂಡಗಳಿಗೆ ಮೊದಲ ನೀರು ತರುವುವೂ ಅವೇ. ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’ ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಇವು ಸ್ಥಳೀಯವಾದ ಕಾವಿನಿಂದ ಹುಟ್ಟುವ ಮಳೆಗಳು. ಆದಕಾರಣವೇ ಸ್ಥಳೀಯವಾದ ಹೊಗೆಗೆ ಬೇಗ ಒಳಗಾಗತಕ್ಕವು. ಬೆಟ್ಟಗಳ ಬೆಂಕಿಯ ಕಾಲ ಫೆಬ್ರವರಿಯಿಂದ ಏಪ್ರಿಲಿನವರೆಗೆ. ನೀರು ದೊರೆತ ವರ್ಷಗಳಲ್ಲಿ ಬೇಸಗೆಯ ಭತ್ತದ ಕೊಯ್ಲು ಮುಗಿದು ಕೂಳೆ ಸುಡುವ ಕಾಲ ಏಪ್ರಿಲ್ ಮೇ. ನಮ್ಮ ಅತ್ಯಂತ ಸೂಕ್ಷ್ಮವಾದ ಮಳೆಗಳು ಬರಬೇಕಾದ ಹೊತ್ತಿಗೆ ಸರಿಯಾಗಿಯೇ ನಾವು ಆಕಾಶಕ್ಕೆ ಹೊಗೆ ಹಾಕುತ್ತಿದ್ದೇವೆ.

ಇನ್ನೊಂದು ಕಡೆ ನೋಡಿ. ೨೦೧೭ರಲ್ಲಿಯೂ ೨೦೧೯ರಲ್ಲಿಯೂ ರಾಜ್ಯ ಸರ್ಕಾರ ವಿಮಾನಗಳನ್ನು ಹಾರಿಸಿ ಮೋಡ ಬಿತ್ತನೆ ಮಾಡಿಸಿತು. ಕೆಲವೇ ದೊಡ್ಡ ಕಣಗಳನ್ನು ಮೋಡದಲ್ಲಿ ಬಿಟ್ಟರೆ ಅವು ಚಿಕ್ಕ ಹನಿಗಳನ್ನು ಕೂಡಿಸಿಕೊಂಡು ಮಳೆಯಾಗಲೆಂಬುದು ಆ ಕ್ರಮದ ಒಂದು ತತ್ತ್ವ. ಕೋಟ್ಯಂತರ ರೂಪಾಯಿ ವೆಚ್ಚಮಾಡಿ ಮೋಡದ ಹನಿಯನ್ನು ದೊಡ್ಡದು ಮಾಡಲು ಒಂದು ಕೈ ಹೆಣಗುತ್ತದೆ. ಒಂದು ಬೆಂಕಿಕಡ್ಡಿಯಿಂದ ಅದನ್ನು ಚಿಕ್ಕದು ಮಾಡುವ ಕೆಲಸವನ್ನು ಇನ್ನೊಂದು ಕೈ ಪುಕ್ಕಟೆಯಾಗಿ ಮಾಡುತ್ತದೆ. ಇದನ್ನು ವಿವೇಕವೆನ್ನಲು ಬಾರದು.

ಎರಡು ಆಕ್ಷೇಪಗಳು

ಹಾಗಾದರೆ ನಮ್ಮ ಬರಗಾಲಕ್ಕೆಲ್ಲ ಬೆಟ್ಟದ ಬೆಂಕಿಯೇ ಕಾರಣವೆ? ಹಾಗೆ ಹೇಳುವವನು ವಿಜ್ಞಾನದ ಹೆಸರಿನಲ್ಲಿ ಅನ್ಯಾಯ ಮಾಡುತ್ತಾನೆ. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಲಾಯಿತು. ಆ ವರ್ಷ ಪೆಸಿಫಿಕ್ ಸಾಗರದ ನೀರು ಕಾದು ಎಲ್ ನಿನೋ ತಲೆದೋರಿತ್ತು. ಮುಂಗಾರಿನಂತಹ ಮಹಾಪ್ರವಾಹದ ಏರಿಳಿತಗಳನ್ನು ನಿರ್ಧರಿಸುವುದು ಸಾಗರಗಳು, ಖಂಡಗಳು, ಭೂಮಿಯ ಬಹುಭಾಗವನ್ನು ಬಳಸುವ ಗಾಳಿಗಳು. ಜೂನಿನ ಮಳೆ ಹಿಡಿದೊಡನೆ ಹೊಗೆ ತೊಳೆದುಹೋಗುತ್ತದೆ. ಇಂತಹ ವರ್ಷ ಇಂತಹ ಊರಿನಲ್ಲಿ ಇಂತಹ ಮಳೆ ತಪ್ಪಿದ್ದು ಇಂತಹ ಬೆಂಕಿಯಿಂದಲೇ ಎಂದು ಬೊಟ್ಟುಮಾಡಿ ತೋರಿಸುವುದು ಸಾಧ್ಯವಲ್ಲ. ಹೊಗೆ ಮಳೆಯ ವಿರುದ್ಧ ಹೂಡಿದ ಪಂದ್ಯದಲ್ಲಿ ದಾಳವನ್ನು ಒಂದಿಷ್ಟು ವಾಲಿಸುತ್ತದೆ. ಒಂದು ಆಟದಲ್ಲಿ ಅದು ತಿಳಿಯದು, ನೂರು ಆಟಗಳಲ್ಲಿ ತಿಳಿಯುತ್ತದೆ. ಹವೆ ಒಂದು ದಿನದ ಮಾತು, ಹವಾಗುಣ ಹಲವು ವರ್ಷಗಳ ಸರಾಸರಿ ಎಂಬುದನ್ನು ಬಲ್ಲ ವಿದ್ಯಾರ್ಥಿಗೆ ಈ ಭೇದ ಕಷ್ಟವಾಗದು.

ಎರಡನೆಯ ಆಕ್ಷೇಪ ದನಕರು, ಕುರಿಗಳನ್ನು ಕಾಯುವವರದು. ಹಳೆಯ ಹುಲ್ಲು ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಚಿಗುರುತ್ತದೆಂಬುದು ಅವರ ಅನುಭವ. ಇದು ಸುಳ್ಳಲ್ಲ, ಬೂದಿಯಲ್ಲಿರುವ ಲವಣಗಳು ಮೊದಲ ಮಳೆಗೆ ಚಿಗುರನ್ನು ಎಬ್ಬಿಸುತ್ತವೆ. ಅರಣ್ಯ ಇಲಾಖೆಯವರೂ ಬೆಂಕಿ ಹರಡದಂತೆ ಬೇಸಗೆಗೆ ಮುಂಚೆಯೇ ಪಟ್ಟೆಪಟ್ಟೆಯಾಗಿ ಹುಲ್ಲು ಸುಟ್ಟು ಬೆಂಕಿರೇಖೆಗಳನ್ನು ಮಾಡುತ್ತಾರೆ. ಬೆಂಕಿಯೆಲ್ಲವೂ ಪಾಪವೆಂದು ನಾವು ಹೇಳುವುದಿಲ್ಲ. ಆದರೆ ಹದವರಿತು ಹಚ್ಚಿದ ಬೆಂಕಿಗೂ ಹಚ್ಚಿ ಬಿಟ್ಟುಹೋದ ಬೆಂಕಿಗೂ ಅಂತರವುಂಟು. ಮಾರ್ಚಿಯ ಬಿಸಿಗಾಳಿಯಲ್ಲಿ ಬಿಟ್ಟ ಬೆಂಕಿ ಹುಲ್ಲನ್ನು ಮಾತ್ರ ತಿಂದು ಸುಮ್ಮನಾಗುವುದಿಲ್ಲ; ಸಸಿಗಳನ್ನು ತಿನ್ನುತ್ತದೆ, ನೆಲದ ಹೊದಿಕೆಯನ್ನು ತಿನ್ನುತ್ತದೆ. ಕಪ್ಪಾದ ಬೋಳುನೆಲ ಬಿಸಿಲನ್ನು ಹೆಚ್ಚಾಗಿ ಹೀರಿ ಕಾಯುತ್ತದೆ. ಮೊದಲ ಮಳೆ ಬಿದ್ದಾಗ ನೀರು ಇಂಗದೆ ಮಣ್ಣನ್ನು ಹೊತ್ತು ಹಳ್ಳಕ್ಕಿಳಿಯುತ್ತದೆ. ಒಂದು ವರ್ಷದ ಚಿಗುರಿಗಾಗಿ ಹತ್ತು ವರ್ಷದ ಮೇವನ್ನು ಅಡವಿಡುವುದು ಕುರಿಗಾಹಿಯ ಹಿತವೂ ಅಲ್ಲ. ಹಾಗೆಂದು ಅವನನ್ನು ಅಪರಾಧಿಯಂತೆ ಕಾಣುವುದೂ ಸಲ್ಲದು. ಅವನಿಗೆ ಬೇಸಗೆಯಲ್ಲಿ ಮೇವು ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಉತ್ತರ ಕೊಡದೆ ಕೊಡುವ ಉಪದೇಶ ಗಾಳಿಗೆ ಹೋಗುತ್ತದೆ.

ಉತ್ತರ ದೂರವಿಲ್ಲ. ಒಂದು ತಾಲ್ಲೂಕಿನಲ್ಲಿ ಮೇವಿಲ್ಲವೆಂದು ಬೆಟ್ಟ ಸುಡುತ್ತಾರೆ. ನೆರೆಯ ತಾಲ್ಲೂಕಿನಲ್ಲಿ ಮೇವಾಗಬಹುದಾದ ಭತ್ತದ ಹುಲ್ಲನ್ನು ಗದ್ದೆಯಲ್ಲಿ ಸುಡುತ್ತಾರೆ! ಯಂತ್ರದಿಂದ ಕೊಯ್ದ ಗದ್ದೆಯಲ್ಲಿ ಹರಡಿದ ಹುಲ್ಲನ್ನು ಕೂಡಿಸುವುದಕ್ಕೆ ಕೂಲಿ ಹೆಚ್ಚು, ಮುಂದಿನ ನಾಟಿಗೆ ದಿನ ಕಡಮೆ ಎಂಬುದು ಕಂಪ್ಲಿಯ ರೈತನ ಕಷ್ಟ. ಅದನ್ನು ಕೂಡಿಸಿ ಪಿಂಡಿ ಕಟ್ಟುವ ಯಂತ್ರಗಳನ್ನು ಸಹಕಾರ ಸಂಘಗಳ ಮೂಲಕ ಬಾಡಿಗೆಗೆ ಒದಗಿಸಿ, ಪಿಂಡಿಗಳನ್ನು ಸಂಡೂರಿನ ಹಟ್ಟಿಗಳಿಗೆ ಸಾಗಿಸಿದರೆ ಎರಡು ಬೆಂಕಿಗಳು ಒಂದೇ ಏಟಿಗೆ ಆರುತ್ತವೆ. ಕಬ್ಬಿನ ರವದಿಯನ್ನು ಸಾಲುಗಳ ನಡುವೆ ಹೊದಿಸಿದರೆ ನೆಲದ ತೇವ ಉಳಿಯುತ್ತದೆ. ಇವು ಹೊಸ ಶೋಧಗಳಲ್ಲ. ಮಾಡಬೇಕೆಂಬ ಮನಸ್ಸು ಮಾತ್ರ ಹೊಸದಾಗಬೇಕು.

ನಾವು ಮಾಡಬೇಕಾದುದು

ಕಾಯ್ದಿಟ್ಟ ಕಾಡಿನಲ್ಲಿ ಬೆಂಕಿ ಹಚ್ಚುವುದು ೧೯೬೩ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅಪರಾಧ. ಬೆಂಕಿಯ ಸುದ್ದಿ ತಿಳಿಸುವ ಏರ್ಪಾಟೂ ಇದೆ: ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ೨೦೦೪ರಿಂದ ಉಪಗ್ರಹಗಳ ನೆರವಿನಿಂದ ಕಾಡುಬೆಂಕಿಯ ಎಚ್ಚರಿಕೆಗಳನ್ನು ಕಳುಹಿಸುತ್ತ ಬಂದಿದೆ. ಆದರೆ ಉಪಗ್ರಹ ತಾನು ಹಾದುಹೋಗುವ ಹೊತ್ತಿನ ಬ��ಂಕಿಯನ್ನು ಕಾಣಬಲ್ಲುದೇ ಹೊರತು ನಡುವೆ ಹೊತ್ತಿ ಆರಿದ ಸಣ್ಣ ಬೆಂಕಿಯನ್ನಲ್ಲ. ಕಾಯಿದೆಗೂ ಉಪಗ್ರಹಕ್ಕೂ ನಿಲುಕದ ಸ್ಥಳವನ್ನು ತುಂಬಬೇಕಾದುದು ಊರಿನ ತಿಳಿವಳಿಕೆ. ಈ ತಿಳಿವಳಿಕೆ ಅಳತೆಯಿಂದ ಹುಟ್ಟಬೇಕೆಂಬುದು ನಮ್ಮ ಮುಖ್ಯವಾದ ಸೂಚನೆ. ನಮ್ಮ ಕಾಲೇಜುಗಳಲ್ಲಿ ಪಟ್ಟಕದ ಕೋನವನ್ನು ವರ್ಷವರ್ಷವೂ ಅಳೆದು, ಗೊತ್ತಿರುವ ಉತ್ತರವನ್ನೇ ಮತ್ತೆ ಬರೆಯುತ್ತೇವೆ. ಗೊತ್ತಿಲ್ಲದ ಉತ್ತರವೊಂದು ತಲೆಯ ಮೇಲೆಯೇ ತೂಗುತ್ತಿರುವಾಗ ಅದನ್ನು ಏಕೆ ಅಳೆಯಬಾರದು?

ಇದಕ್ಕೆ ದೊಡ್ಡ ಉಪಕರಣ ಬೇಕಾಗಿಲ್ಲ. ಮೊದಲನೆಯದು, ಬರಿಗಣ್ಣು. ಹಂಪಿಯ ಮಾತಂಗ ಬೆಟ್ಟವನ್ನೇರಿ, ಹೊಳೆಯಾಚೆಯ ಅಂಜನಾದ್ರಿಯನ್ನೂ ದಕ್ಷಿಣದ ಸಂಡೂರು ಬೆಟ್ಟಸಾಲನ್ನೂ ನೋಡಿ. ಬೇರೆಬೇರೆ ದೂರಗಳಲ್ಲಿರುವ ಐದಾರು ಗುರುತುಗಳನ್ನು ನಕಾಶೆಯಲ್ಲಿ ಅಳೆದಿಟ್ಟುಕೊಂಡು, ನಿತ್ಯವೂ ಒಂದೇ ಹೊತ್ತಿನಲ್ಲಿ ಕಾಣಬರುವ ಅತಿ ದೂರದ ಗುರುತನ್ನು ಬರೆದಿಡಿ. ನೋಟದ ದೂರ ಕಿಲೋಮೀಟರುಗಳಲ್ಲಿ ತಿಳಿದರೆ ೩.೯ನ್ನು ಅದರಿಂದ ಭಾಗಿಸಿ. ಒಂದು ಕಿಲೋಮೀಟರು ಗಾಳಿಯಲ್ಲಿ ಬೆಳಕು ಕುಂದುವ ಪ್ರಮಾಣ ದೊರೆಯುತ್ತದೆ. ಇದು ೧೯೨೪ರಲ್ಲಿ ಕೋಷ್‌ಮೀಡರ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ಸೂತ್ರ. ಎರಡನೆಯದು, ಬೆಳಕು ಸೂಸುವ ಪುಟ್ಟ ಡಯೋಡು. ಅದರ ಮೇಲೆ ಬಿಸಿಲು ಬಿಟ್ಟರೆ ಅದು ತಾನೇ ಅಲ್ಪ ವಿದ್ಯುತ್ತನ್ನು ಕೊಡುತ್ತದೆ; ಒಂದು ಕೊಳವೆ, ಒಂದು ಮೀಟರು ಸೇರಿಸಿದರೆ ಸೂರ್ಯನ ನೇರಬೆಳಕನ್ನು ದಿನದಿನವೂ ಹೋಲಿಸುವ ಉಪಕರಣ ಕೆಲವೇ ರೂಪಾಯಿಗಳಲ್ಲಿ ಸಿದ್ಧ. ಮೂರನೆಯದು, ಒಂದು ಮಳೆಮಾಪಕ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಶಾಲೆ ಕಾಲೇಜುಗಳಲ್ಲಿ ಒಂದೊಂದು ತಂಡ ಜನವರಿಯಿಂದ ಮೇ ತಿಂಗಳವರೆಗೆ ಈ ಮೂರು ಅಳತೆಗಳನ್ನೂ ಬೆಂಕಿಯ ದಿನಗಳನ್ನೂ ಒಂದೇ ಪುಸ್ತಕದಲ್ಲಿ ಬರೆಯುತ್ತ ಹೋದರೆ, ಹತ್ತು ವರ್ಷಗಳ ಬಳಿಕ ಈ ಸೀಮೆಯ ಹೊಗೆಯ ವಿಷಯವಾಗಿ ಮಾತನಾಡುವ ಅಧಿಕಾರ ಆ ಪುಸ್ತಕಕ್ಕೆ ಇರುತ್ತದೆ.

ಅಳತೆ ಮುಗಿಯುವವರೆಗೆ ಬೆಂಕಿ ಕಾಯಬೇಕೆ ಎಂದು ಯಾರಾದರೂ ಕೇಳಿದರೆ, ಕಾಯಬಾರದು ಎಂಬುದೇ ನಮ್ಮ ಉತ್ತರ. ಹೊಗೆಯ ಒಂದು ಗುಣ ನಮಗೆ ಅನುಕೂಲವಾದುದು. ಇಂಗಾಲದ ಡೈ ಆಕ್ಸೈಡಿನ ಭಾರ ಶತಮಾನಗಳ ಕಾಲ ವಾಯುಮಂಡಲದಲ್ಲಿ ಉಳಿಯುತ್ತದೆ. ಇಂದು ನಿಲ್ಲಿಸಿದರೆ ಮೊಮ್ಮಕ್ಕಳಿಗೆ ಫಲ. ಹೊಗೆಯ ಕಣ ಒಂದು ವಾರದ ಅತಿಥಿ. ಈ ವಾರ ಹಚ್ಚದಿದ್ದರೆ ಮುಂದಿನ ವಾರವೇ ಆಕಾಶ ತಿಳಿಯಾಗುತ್ತದೆ. ಹವಾಗುಣದ ಕೇಡುಗಳಲ್ಲಿ ಒಂದು ಊರಿನ ಜನ ತಾವೇ ತೊಡಗಿ, ತಮ್ಮ ಕಣ್ಣಮುಂದೆಯೇ ಸರಿಪಡಿಸಬಹುದಾದವು ಬಹಳ ಇಲ್ಲ. ಇದು ಅಂತಹ ಒಂದು. ಅಶ್ವಿನಿ ಮಳೆಗೆ ಮುಂಚಿನ ನಾಲ್ಕು ವಾರ ಬೆಟ್ಟದಲ್ಲಿಯೂ ಗದ್ದೆಯಲ್ಲಿಯೂ ಬೆಂಕಿ ಹಚ್ಚುವುದಿಲ್ಲವೆಂದು ಈ ನಾಲ್ಕು ಊರುಗಳು ಒಂದು ಬೇಸಗೆ ನಿಯಮ ಮಾಡಿಕೊಂಡು ನೋಡಲಿ. ಅಳತೆಯ ಪುಸ್ತಕ ವಿದ್ಯಾರ್ಥಿಗಳ ಕೈಯಲ್ಲಿರಲಿ. ಉತ್ತರವನ್ನು ಆಕಾಶವೇ ಬರೆಯುತ್ತದೆ.